ಹೋಗಿಲ್ಲ, ಹೋಗಲಿಲ್ಲ, ಹೋಗಲ್ಲ: ಕನ್ನಡ ಕಲಿಯುವವರ ಪ್ರಶ್ನೆಗೆ ಉತ್ತರ ಹೇಳುವ ಬಗೆ

ಹಾಸನದ ಆಸ್ಪತ್ರೆಗಳಲ್ಲಿ ಕೇರಳದ ನರ್ಸ್‌ಗಳಿದ್ದಾರೆ, ಬ್ಯಾಂಕ್ ಕೌಂಟರಿನಲ್ಲಿ ಉತ್ತರದ ರಾಜ್ಯಗಳಿಂದ ವರ್ಗವಾಗಿ ಬಂದವರಿದ್ದಾರೆ, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ ನಾನಾ ಕಡೆಯವರಿದ್ದಾರೆ. ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಿಗೆ ಅಸ್ಸಾಂ, ಜಾರ್ಖಂಡಿನಿಂದ ಕೆಲಸಕ್ಕೆ ಬರುವವರಿದ್ದಾರೆ. ಇವರಲ್ಲಿ ಕನ್ನಡ ಕಲಿಯಬೇಕು ಅಂತ ಮನಸ್ಸು ಮಾಡಿದವರು ಮೊದಲು ತೆರೆಯುವುದು ಪುಸ್ತಕವನ್ನಲ್ಲ, ಪಕ್ಕದಲ್ಲಿ ಕೂತವರನ್ನೇ ಕೇಳುತ್ತಾರೆ: "ಹಾಸನಕ್ಕೆ ಅಂತೀರಿ, ಬೇಲೂರಿಗೆ ಅಂತೀರಿ. ಯಾಕೆ ಹಾಗೆ?" ನಮ್ಮಲ್ಲಿ ಹೆಚ್ಚಿನವರ ಉತ್ತರ "ಅದು ಹಾಗೇ" ಅನ್ನುವುದು. ಅಲ್ಲಿಗೆ ಕೇಳಿದವರ ಉತ್ಸಾಹ ಅರ್ಧ ಇಳಿದಿರುತ್ತದೆ.

ಇನ್ನು ಕೆಲವರು ಶಾಲೆಯಲ್ಲಿ ಓದಿದ್ದನ್ನು ನೆನಪಿಸಿಕೊಂಡು ಪ್ರಥಮಾ, ದ್ವಿತೀಯಾ ಅಂತ ವಿಭಕ್ತಿಗಳ ಪಟ್ಟಿ ಒಪ್ಪಿಸುತ್ತಾರೆ. ಇದು "ಅದು ಹಾಗೇ"ಗಿಂತ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಕಲಿಯುವವರಿಗೆ ಬೇಕಾದದ್ದು ಒಂದೇ ಒಂದು ಕಡೆ ವ್ಯತ್ಯಾಸವಿರುವ ಎರಡು ವಾಕ್ಯ, ಮತ್ತು ಯಾವುದನ್ನು ಯಾವ ಹೊತ್ತಿನಲ್ಲಿ ಹೇಳುತ್ತಾರೆ ಅನ್ನುವುದು. ಪ್ರಶ್ನೆ ಬಂದಾಗ ಮೊದಲು ಆ ಮಾತನ್ನು ಎಲ್ಲಿ ಕೇಳಿದಿರಿ, ಯಾರು ಯಾರಿಗೆ ಹೇಳಿದರು ಅಂತ ವಿಚಾರಿಸಿ. ಆಮೇಲೆ ಜೋಡಿ ವಾಕ್ಯ ಕೊಡಿ. ಮೂರನೆಯ ವಾಕ್ಯವನ್ನು ಅವರೇ ಕಟ್ಟಲಿ, ಅವರ ಕೆಲಸದ್ದೇ ಪದ ಹಾಕಿ ಕಟ್ಟಲಿ. ನಿಯಮ ಹೇಳಲೇಬೇಕಾದರೆ ಕೊನೆಗೆ, ಒಂದೇ ಸಾಲಿನಲ್ಲಿ.

ಬಸ್ ಸ್ಟ್ಯಾಂಡಿನ ಬೋರ್ಡೇ ಮೊದಲ ಪಾಠ

'ಗೆ', 'ಕ್ಕೆ', 'ಇಗೆ' ಗೊಂದಲ ಬಿಡಿಸಲು ನಮ್ಮ ಊರುಗಳ ಹೆಸರಿಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ಹೆಸರು ಯಾವ ಸ್ವರದಲ್ಲಿ ಮುಗಿಯುತ್ತದೆ ಅಂತ ನೋಡಿ ಮೂರು ಗುಂಪು ಮಾಡಿಸಿ.

'ಅ'ದಲ್ಲಿ ಮುಗಿಯುವವು: ಹಾಸನ, ಕಳಸ, ಕೊಪ್ಪ, ಸಕಲೇಶಪುರ, ಚನ್ನರಾಯಪಟ್ಟಣ, ಶ್ರವಣಬೆಳಗೊಳ. ಇವಕ್ಕೆ ಹಾಸನಕ್ಕೆ, ಹಾಸನದಲ್ಲಿ, ಹಾಸನದಿಂದ, ಹಾಸನದ.

'ಉ'ದಲ್ಲಿ ಮುಗಿಯುವವು: ಬೇಲೂರು, ಕಡೂರು, ಆಲೂರು, ಹಳೇಬೀಡು, ಅರಕಲಗೂಡು, ಚಿಕ್ಕಮಗಳೂರು. ಇವಕ್ಕೆ ಬೇಲೂರಿಗೆ, ಬೇಲೂರಿನಲ್ಲಿ, ಬೇಲೂರಿನಿಂದ, ಬೇಲೂರಿನ. ಮಾತಿನಲ್ಲಿ ನಡುವಿನ 'ಇನ' ಜಾರಿ ಬೇಲೂರಲ್ಲಿ, ಬೇಲೂರಿಂದ ಆಗುತ್ತದೆ.

'ಇ' ಅಥವಾ 'ಎ'ದಲ್ಲಿ ಮುಗಿಯುವವು: ಮೂಡಿಗೆರೆ, ತರೀಕೆರೆ, ಅರಸೀಕೆರೆ, ಶೃಂಗೇರಿ. ಇವಕ್ಕೆ ಮೂಡಿಗೆರೆಗೆ, ಮೂಡಿಗೆರೆಯಲ್ಲಿ, ಮೂಡಿಗೆರೆಯಿಂದ, ಮೂಡಿಗೆರೆಯ.

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು, ಬರುವ ಪ್ರತಿ ಬಸ್ಸಿನ ಬೋರ್ಡಿಗೂ "ಇದು ___ ಹೋಗೋ ಬಸ್ಸು", "ಇದು ___ ಬಂದ ಬಸ್ಸು" ಅಂತ ಬಾಯಿಬಿಟ್ಟು ಹೇಳಿಸಿ. ಒಂದೇ ಏಟಿಗೆ ಎರಡು ಕಲಿಕೆ ಆಗುತ್ತದೆ. ಹಿಂದಿಯವರು "ಯಾವ ಬಸ್ಸು ಬೇಲೂರಿಗೆ ಹೋಗುತ್ತೆ, ಆ ಬಸ್ಸು" ಅಂತ ಸುತ್ತಿ ಹೇಳುವ ಅಭ್ಯಾಸವೂ ಇದರಲ್ಲೇ ಬಿಟ್ಟುಹೋಗುತ್ತದೆ. "ಬೇಲೂರಿಗೆ ಹೋಗೋ ಬಸ್ಸು", "ನಿನ್ನೆ ಬಂದ ಹುಡುಗ", "ಓದದ ಪುಸ್ತಕ": ನಮ್ಮಲ್ಲಿ ಕ್ರಿಯಾಪದವೇ ಹೆಸರಿನ ಮುಂದೆ ಬಂದು ನಿಲ್ಲುತ್ತದೆ, 'ಯಾವ', 'ಆ' ಎರಡೂ ಬೇಡ.

ಎಲ್ಲಿ ತಪ್ಪುತ್ತಾರೆ? "ಹಾಸನಗೆ" ಅನ್ನುವವರು 'ಗೆ' ಒಂದನ್ನೇ ಬಾಯಿಪಾಠ ಮಾಡಿಕೊಂಡಿದ್ದಾರೆ. "ಊರುಕ್ಕೆ" ಅನ್ನುವವರು ಹೆಚ್ಚಾಗಿ ತಮಿಳಿನವರು. ಅವರಲ್ಲಿ 'ಊರುಕ್ಕು' ಸರಿಯಾದ ರೂಪ, ಅದನ್ನೇ ಇಲ್ಲಿಗೂ ತಂದಿರುತ್ತಾರೆ. ಕಾರಣ ತಿಳಿದರೆ ತಿದ್ದುವುದು ಸಲೀಸು.

ಇಂಗ್ಲಿಷ್ ಪದಗಳು ಎಲ್ಲಿ ಸೇರುತ್ತವೆ ಅನ್ನುವುದು ಮುಂದಿನ ಪ್ರಶ್ನೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ನಾವು 'ಉ' ಹಚ್ಚಿ ಬೇಲೂರಿನ ಗುಂಪಿಗೆ ಸೇರಿಸುತ್ತೇವೆ: ಬ್ಯಾಂಕಿಗೆ, ಆಫೀಸಿಗೆ, ಕಾಲೇಜಿಗೆ. ಒಂದೇ ಹ್ರಸ್ವ ಸ್ವರದ ಚಿಕ್ಕ ಪದವಾದರೆ ಕೊನೆಯ ಅಕ್ಷರ ಇಮ್ಮಡಿಯಾಗುತ್ತದೆ. ಅದಕ್ಕೇ ಬಸ್ ಬಸ್ಸಾಗುತ್ತದೆ, ಪೆನ್ ಪೆನ್ನಾಗುತ್ತದೆ. ದೀರ್ಘವಿರುವ ಕಾರ್ ಕಾರಾಗಿಯೇ, ಫೋನ್ ಫೋನಾಗಿಯೇ ಉಳಿಯುತ್ತವೆ.

ಮನುಷ್ಯರು ಮತ್ತು ದೇವರ ಹೆಸರು ಬಂದಾಗ ಲೆಕ್ಕ ಬದಲಾಗುತ್ತದೆ. 'ಅ'ದಲ್ಲಿ ಮುಗಿದರೂ 'ಕ್ಕೆ' ಬರುವುದಿಲ್ಲ: ಅಣ್ಣನಿಗೆ, ಅಕ್ಕನಿಗೆ (ಮಾತಿನಲ್ಲಿ ಅಣ್ಣಂಗೆ, ಅಕ್ಕಂಗೆ). "ಬೇಲೂರಿಗೆ ಹೋದೆ, ಚನ್ನಕೇಶವನಿಗೆ ಕೈ ಮುಗಿದೆ. ಹಾಸನಕ್ಕೆ ಬಂದೆ, ಹಾಸನಾಂಬೆಗೆ ಕೈ ಮುಗಿದೆ." ಈ ಎರಡು ಸಾಲು ಬಾಯಿಗೆ ಬಂದರೆ ನಾಲ್ಕು ಬಗೆಯೂ ಬಂದಂತೆ.

ದಿನ ಮತ್ತು ಸಮಯಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನೂ ಇಲ್ಲೇ ಹೇಳಿಬಿಡಿ. "ಸೋಮವಾರ ಬನ್ನಿ" ಅಂದರೆ ಆ ದಿನ ಬನ್ನಿ. "ಸೋಮವಾರಕ್ಕೆ ಕೊಡ್ತೀನಿ" ಅಂದರೆ ಸೋಮವಾರದ ಹೊತ್ತಿಗೆ ಕೆಲಸ ಮುಗಿಸಿ ಕೊಡ್ತೀನಿ ಅಂತ. ಗಂಟೆಗೆ ಮಾತ್ರ 'ಗೆ' ಬೇಕೇ ಬೇಕು: ಹತ್ತು ಗಂಟೆಗೆ. ಹಾಗೆಯೇ "ಎರಡು ವರ್ಷದಿಂದ ಹಾಸನದಲ್ಲಿದ್ದೀನಿ". ಈಗಲೂ ಇಲ್ಲೇ ಇರುವುದಾದರೆ 'ಇದ್ದೀನಿ'ಯೇ ಸರಿ. 'ಇದ್ದೆ' ಅಂದರೆ ಕೇಳಿದವರು "ಈಗ ಎಲ್ಲಿದ್ದೀರಿ?" ಅಂತಾರೆ.

ನಾನು ಯಾವಾಗ, ನನಗೆ ಯಾವಾಗ

"ನಾನು ಕಾಫಿ ಬೇಕು." ಹೊಸಬರೆಲ್ಲರ ಬಾಯಲ್ಲೂ ಒಮ್ಮೆ ಬರುವ ತಪ್ಪು. ಕನ್ನಡದಲ್ಲಿ ನಾವು ಮಾಡುವ ಕೆಲಸಕ್ಕೆ 'ನಾನು', ನಮಗೆ ಆಗುವುದಕ್ಕೆ 'ನನಗೆ'. ಹಸಿವು, ಜ್ವರ, ಇಷ್ಟ, ನೆನಪು, ಅರ್ಥ ಆಗೋದು, ಸಿಗೋದು, ಗೊತ್ತಿರೋದು, ಬೇಕು, ಬೇಡ ಎಲ್ಲವೂ ಎರಡನೆಯ ಗುಂಪು. "ನಾನು ಮರೆತೆ" ಆದರೆ "ನನಗೆ ನೆನಪಿಲ್ಲ". "ನಾನು ಹುಡುಕಿದೆ" ಆದರೆ "ನನಗೆ ಸಿಕ್ತು". ಇಂಥ ಜೋಡಿ ಆರು ಬರೆಸಿದರೆ ಸಾಕು, ಬೇರೆ ವಿವರಣೆ ಬೇಡ.

ಆದರೆ 'ಬೇಕು' ಒಂದರ ಹತ್ತಿರ ನಿಂತು ನೋಡಬೇಕು. ವಸ್ತು ಬೇಕಾದರೆ "ನನಗೆ ಕಾಫಿ ಬೇಕು". ಕ್ರಿಯೆಗೆ ಅಂಟಿದ ಬೇಕಾದರೆ "ನಾನು ಹೋಗಬೇಕು". ಎರಡನ್ನೂ ಒಂದೇ ಅಂತ ತಿಳಿದು "ನನಗೆ ಹೋಗಬೇಕು" ಅನ್ನುತ್ತಾರೆ. "ನನಗೆ ಹೋಗಬೇಕು ಅನ್ಸುತ್ತೆ" ಅನ್ನುವುದನ್ನು ಎಲ್ಲೋ ಕೇಳಿಸಿಕೊಂಡಿರುತ್ತಾರೆ. ಅಲ್ಲಿ 'ನನಗೆ' ಸೇರುವುದು 'ಅನ್ಸುತ್ತೆ'ಗೆ, 'ಹೋಗಬೇಕು'ಗೆ ಅಲ್ಲ. ಇದನ್ನು ಬಿಡಿಸಿ ತೋರಿಸದೆ ಹೋದರೆ ತಾವಾಗಿ ಕಂಡುಕೊಳ್ಳುವುದು ಕಷ್ಟ.

'ಗೊತ್ತು' ಮತ್ತು 'ಬರುತ್ತೆ' ಕೂಡ ಹೀಗೇ. ವಿಷಯ, ಊರು, ವ್ಯಕ್ತಿ 'ಗೊತ್ತು'. ಕೈಗೆ ಬಾಯಿಗೆ ಹತ್ತಿದ ವಿದ್ಯೆ 'ಬರುತ್ತೆ': ಈಜು ಬರುತ್ತೆ, ಕಾರು ಓಡ್ಸೋಕೆ ಬರುತ್ತೆ, ಕನ್ನಡ ಬರುತ್ತೆ. "ಕನ್ನಡ ಗೊತ್ತು" ತಪ್ಪೇನಲ್ಲ, ನಡೆಯುತ್ತದೆ. "ಕನ್ನಡ ಬರುತ್ತೆ" ಅಂದವರ ಬಾಯಿ ಪಳಗಿದೆ ಅಂತ ಕೇಳಿದವರಿಗೆ ಕೂಡಲೇ ತಿಳಿಯುತ್ತದೆ. ಮಾಡಲಾರೆ ಅನ್ನುವುದಕ್ಕೆ "ನನ್ನ ಕೈಲಿ ಆಗಲ್ಲ" ಕಲಿಸಿ.

ಇರುವುದನ್ನು ಹೇಳಲು ಮೂರು ದಾರಿ. ಮಕ್ಕಳು, ನೆಂಟರು, ಕಾಯಿಲೆಗೆ 'ಗೆ': ನನಗೆ ಇಬ್ಬರು ಮಕ್ಕಳಿದ್ದಾರೆ. ಕೈಯಲ್ಲಿರುವ ವಸ್ತುವಿಗೆ 'ಹತ್ತಿರ': ನನ್ನ ಹತ್ತಿರ ಚಿಲ್ಲರೆ ಇಲ್ಲ. ಗುಣಕ್ಕೆ 'ಅಲ್ಲಿ': ಅವರಲ್ಲಿ ತಾಳ್ಮೆ ಇದೆ. "ನನ್ನ ಹತ್ತಿರ ಇಬ್ಬರು ಮಕ್ಕಳಿದ್ದಾರೆ" ಅಂದರೆ ಸದ್ಯ ಅವರು ನನ್ನ ಜೊತೆ ಇದ್ದಾರೆ ಅಂತ ಮಾತ್ರ. ಮಕ್ಕಳಿಗೆ 'ಇಬ್ಬರು', ಬಾಳೆಹಣ್ಣಿಗೆ 'ಎರಡು' ಅನ್ನುವುದನ್ನೂ ಇಲ್ಲೇ ಸೇರಿಸಿ: ಒಬ್ಬ, ಒಬ್ಬಳು, ಇಬ್ಬರು, ಮೂವರು, ಆಮೇಲೆ ನಾಲ್ಕು ಜನ, ಐದು ಜನ ಅಂತ ಹೇಳಿಕೊಂಡು ಹೋದರೆ ಧಾರಾಳವಾಯಿತು.

ಇಲ್ಲ ಅನ್ನುವ ಬಗೆಗಳು

ಕಾಫಿ ಇಲ್ಲ. ಕಾಫಿ ಅಲ್ಲ. ಕಾಫಿ ಬೇಡ. ಮೊದಲನೆಯದು ಹೋಟೆಲಿನವರು ಹೇಳುವುದು: ಮುಗಿದಿದೆ. ಎರಡನೆಯದು ಲೋಟ ತಂದಿಟ್ಟಾಗ ಗಿರಾಕಿ ಹೇಳುವುದು: ನಾನು ಹೇಳಿದ್ದು ಟೀ. ಮೂರನೆಯದು ಮನೆಗೆ ಬಂದವರು ಹೇಳುವುದು. ಮಲಯಾಳಿಗಳಿಗೆ ಇದು ತೊಡಕೇ ಅಲ್ಲ, ಅವರಲ್ಲೂ 'ಇಲ್ಲ', 'ಅಲ್ಲ', 'ವೇಂಡ' ಅಂತ ಮೂರೂ ಇವೆ. ಹಿಂದಿಯವರಿಗೆ ಇರುವುದು 'ನಹೀಂ' ಒಂದೇ ಆದ್ದರಿಂದ ಎಲ್ಲಕ್ಕೂ 'ಇಲ್ಲ' ಹಾಕುತ್ತಾರೆ. ಅವರಿಗೆ ಹೋಟೆಲಿನ ಈ ಮೂರು ಸನ್ನಿವೇಶವನ್ನು ಆಡಿ ತೋರಿಸಿ.

ನಿಜವಾದ ತೊಡಕು ಕ್ರಿಯಾಪದಕ್ಕೆ 'ಇಲ್ಲ' ಸೇರಿದಾಗ. ಇಲ್ಲಿ ಒಂದಕ್ಷರಕ್ಕೆ ಅರ್ಥ ಕದಲುತ್ತದೆ, ಆಸ್ಪತ್ರೆಯಲ್ಲಂತೂ ಇದು ಗೊತ್ತಿರಲೇಬೇಕು.

ವಾರ್ಡಿನಲ್ಲಿ ಮಲಗಿದ ಅಜ್ಜಿಯನ್ನು ನರ್ಸ್ ಕೇಳುತ್ತಾರೆ: "ಅಜ್ಜಿ, ಮಾತ್ರೆ ತಗೊಂಡ್ರಾ?" ಅಜ್ಜಿ "ತಗೊಂಡಿಲ್ಲ" ಅಂದರೆ ಇನ್ನೂ ತಗೊಂಡಿಲ್ಲ, ಈಗ ಕೊಟ್ಟರೆ ತಗೋತಾರೆ. "ತಗೊಳ್ಳಲಿಲ್ಲ" ಅಂದರೆ ತಗೊಳ್ಳಬೇಕಾದ ಹೊತ್ತು ದಾಟಿಹೋಗಿದೆ. ರಾತ್ರಿಯ ಮಾತ್ರೆ ರಾತ್ರಿ ತಪ್ಪಿದೆ, ಅದನ್ನು ಡಾಕ್ಟರಿಗೆ ತಿಳಿಸಬೇಕು. "ತಗೊಳ್ಳಲ್ಲ" ಅಂದರೆ ಅಜ್ಜಿಗೆ ಮಾತ್ರೆ ಬೇಡವೇ ಬೇಡ, ಕೂತು ಸಮಾಧಾನ ಹೇಳಬೇಕು. ಮೂರಕ್ಕೂ ನರ್ಸ್ ಮಾಡಬೇಕಾದ ಕೆಲಸ ಬೇರೆ ಬೇರೆ. ಕಿವಿಗೆ ಬೀಳುವ ವ್ಯತ್ಯಾಸ ಮಾತ್ರ ತೀರಾ ಸಣ್ಣದು, ಅದೂ ನಮ್ಮ ಕಡೆ ಬೇಗ ಮಾತಾಡುವವರ ಬಾಯಲ್ಲಿ "ತಗಳ್ಳಿಲ್ಲ" ಅಂತ ಕುಗ್ಗಿ ಬರುತ್ತದೆ.

ಹೇಳಿಕೊಡುವ ಕ್ರಮ ಇದು. 'ಹೋಗು' ತೆಗೆದುಕೊಂಡು ಹೋಗಿಲ್ಲ, ಹೋಗಲಿಲ್ಲ, ಹೋಗಲ್ಲ ಮೂರನ್ನೂ ಬರೆಸಿ. ಮೊದಲನೆಯದರ ಮುಂದೆ 'ಇನ್ನೂ', ಎರಡನೆಯದರ ಮುಂದೆ 'ನಿನ್ನೆ', ಮೂರನೆಯದರ ಮುಂದೆ 'ನಾಳೆ' ಅಥವಾ 'ಯಾವತ್ತೂ' ಸೇರಿಸಿ ಹೇಳಿಸಿ: ಇನ್ನೂ ಹೋಗಿಲ್ಲ, ನಿನ್ನೆ ಹೋಗಲಿಲ್ಲ, ನಾಳೆ ಹೋಗಲ್ಲ. ಒಂದು ವಾರ ಈ ಜೊತೆಪದ ಬಿಡದೆ ಹೇಳಲಿ, ಆಮೇಲೆ ಬಿಟ್ಟರೂ ಕಿವಿ ತಪ್ಪುವುದಿಲ್ಲ. ದಿನಕ್ಕೆ ಐದು ಕ್ರಿಯಾಪದ ಸಾಕು: ಹೋಗು, ಬಾ, ಮಾಡು, ಕೊಡು, ತಿನ್ನು. 'ಬಾ'ದ ಹತ್ತಿರ ನಿಧಾನಿಸಿ: ಬಂದಿಲ್ಲ, ಬರಲಿಲ್ಲ, ಬರಲ್ಲ. ಒಂದರಲ್ಲಿ 'ಬಂದ್', ಎರಡರಲ್ಲಿ 'ಬರ್'. ಭೂತಕಾಲದ ರೂಪಕ್ಕೆ 'ಇಲ್ಲ' ಸೇರುವುದು ಮೊದಲನೆಯದರಲ್ಲಿ ಮಾತ್ರ. ಇದು ಗೊತ್ತಿಲ್ಲದವರು "ಬಂದಲಿಲ್ಲ" ಅಂತಾರೆ.

'ಹೋಗಲ್ಲ' ನೋಡಿ "ಇದರಲ್ಲಿ 'ಅಲ್ಲ' ಇದೆಯಲ್ಲ?" ಅಂತ ಚುರುಕಾದವರು ಕೇಳುತ್ತಾರೆ. ಇಲ್ಲ. ಹೋಗುವುದಿಲ್ಲ, ಹೋಗೋದಿಲ್ಲ, ಹೋಗೋಲ್ಲ, ಹೋಗಲ್ಲ ಅಂತ ಸವೆದು ಬಂದ ರೂಪ ಅದು. ಬರೆಯುವಾಗ ಹೋಗುವುದಿಲ್ಲ ಅಂತಲೇ ಬರೆಯಬೇಕು.

ಬರ್ಕೊಳ್ಳಿ, ಬರ್ಕೊಡಿ

ಪುಸ್ತಕಗಳು ಕೊನೆಯ ಪಾಠಕ್ಕೆ ಇಟ್ಟಿರುವ, ಆದರೆ ಮೊದಲ ದಿನದಿಂದಲೇ ಕಿವಿಗೆ ಬೀಳುವ ಸಂಗತಿ ಇದು. ಒಂದು ಕ್ರಿಯೆಯ ಬೆನ್ನಿಗೆ ಇನ್ನೊಂದು ಕ್ರಿಯೆ ಹತ್ತಿಕೊಂಡು ಅರ್ಥದ ದಿಕ್ಕು ತಿರುಗಿಸುತ್ತದೆ. 'ಬರೆ' ಒಂದನ್ನೇ ಹಿಡಿದುಕೊಳ್ಳಿ. ಬರ್ಕೊಳ್ಳಿ: ನಿಮಗಾಗಿ ಬರೆಯಿರಿ. ಬರ್ಕೊಡಿ: ನನಗಾಗಿ ಬರೆಯಿರಿ. ಬರ್ದಿಡಿ: ಮುಂದಕ್ಕೆ ಬೇಕಾಗುತ್ತೆ, ಈಗಲೇ ಬರೆಯಿರಿ. ಬರ್ದ್ಬಿಡಿ: ಯೋಚನೆ ಬೇಡ, ಬರೆದು ಮುಗಿಸಿ. ಬರ್ದ್ ನೋಡಿ: ಪ್ರಯತ್ನ ಮಾಡಿ. ಐದನ್ನೂ ಅನುವಾದಿಸಲು ಹೋದರೆ ಎಲ್ಲ 'ಬರೆಯಿರಿ' ಅಂತಲೇ ಆಗುತ್ತದೆ. ಅದಕ್ಕೇ ಇದನ್ನು ಸನ್ನಿವೇಶದಿಂದ ಮಾತ್ರ ಕಲಿಸಲು ಆಗುವುದು.

ಬ್ಯಾಂಕಿನಲ್ಲಿ ವಯಸ್ಸಾದ ಗಿರಾಕಿಯೊಬ್ಬರು ಚಲನ್ ಮುಂದೆ ಹಿಡಿದು "ಸ್ವಲ್ಪ ಬರ್ಕೊಡಿ" ಅಂದರೆ ಅವರು ಕೇಳುತ್ತಿರುವುದು ಸಹಾಯ. ಕೌಂಟರಿನಲ್ಲಿ ಕೂತವರು ಅದನ್ನೇ ಕಲಿತು ಗಿರಾಕಿಗೆ "ಬರ್ಕೊಡಿ" ಅಂದರೆ "ಬರೆದು ನನ್ನ ಕೈಗೆ ಕೊಡಿ" ಅಂತ ಆಗುತ್ತದೆ. ತಪ್ಪಲ್ಲ, ಆದರೂ ಒರಟು. ಅವರು ಹೇಳಬೇಕಾದದ್ದು "ಬರ್ಕೊಂಡು ಬನ್ನಿ".

ಬರ್ಕೊಳ್ಳಿಯಲ್ಲಿರುವ 'ಕೊ' ಯಾವಾಗ ಹಾಕಬೇಕು? ಮಾಡಿದ್ದು ಮಾಡಿದವರ ಮೈಗೋ ಕೈಗೋ ಬಂದು ಸೇರುವುದಾದರೆ. ಪಾತ್ರೆ ತೊಳೀರಿ, ಕೈ ತೊಳ್ಕೊಳ್ಳಿ. ಮಗುವಿಗೆ ಬಟ್ಟೆ ಹಾಕಿ, ನೀವು ಬಟ್ಟೆ ಹಾಕ್ಕೊಳ್ಳಿ. ಕೂತ್ಕೊ, ನಿಂತ್ಕೊ ಇವುಗಳಲ್ಲಿ ಅದು ಅಂಟಿಯೇ ಇರುತ್ತದೆ, ಕಾರಣ ಕೇಳುವ ಗೋಜಿಗೆ ಹೋಗುವುದು ಬೇಡ.

'ಬಿಡು' ಇನ್ನೊಂದು. ಹೋಗಿಬಿಡಿ ಅಂದರೆ ಹೊರಡಿ, ತಡ ಮಾಡಬೇಡಿ. ಹೋಗೋಕೆ ಬಿಡಿ ಅಂದರೆ ಅವರನ್ನು ತಡೀಬೇಡಿ. ಹೋಗೋದು ಬಿಡಿ ಅಂದರೆ ಹೋಗುವ ಯೋಚನೆಯನ್ನೇ ಕೈಬಿಡಿ. ಇವುಗಳ ಪಕ್ಕದಲ್ಲಿ "ಹೋಗಲಿ ಬಿಡಿ": ಆದದ್ದಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾಲ್ಕನ್ನೂ ಚೀಟಿಯಲ್ಲಿ ಬರೆದು, ನಾಲ್ಕು ಸನ್ನಿವೇಶ ಹೇಳಿ, ಸರಿಯಾದ ಚೀಟಿ ಎತ್ತಿಸಿ. ತೋಟದ ರೈಟರು (ಲೆಕ್ಕ ಬರೆಯುವವರು), ಮೇಸ್ತ್ರಿಗಳು ಹೊಸ ಕೆಲಸಗಾರರಿಗೆ ಹೇಳುವ ಅರ್ಧ ಮಾತು ಇಂಥ ಜೋಡಿಕ್ರಿಯೆಗಳಲ್ಲೇ ಇರುತ್ತದೆ. ಕುಯ್ಕೊಂಡು ಬಾ, ಕಣದಲ್ಲಿ ಹರಡಿಬಿಡು, ಮೂಟೆ ಕಟ್ಟಿಡು. ಅವನ್ನು ಒಂದೊಂದಾಗಿ ಬಿಡಿಸಿ ತೋರಿಸಿದವರ ತೋಟದಲ್ಲಿ ಕೆಲಸವೂ ಸರಿಯಾಗಿ ಆಗುತ್ತದೆ.

ಇನ್ನೊಬ್ಬರ ಮಾತು ಹೇಳುವಾಗ

"ಮೇಡಂ ನಾಳೆ ಬರ್ತೀನಿ ಅಂದ್ರು." ಕಲಿಯುವವರಿಗೆ ಇದು ತಪ್ಪಾಗಿ ಕಾಣುತ್ತದೆ: ಬರುವುದು ಮೇಡಂ ಆದ ಮೇಲೆ "ಬರ್ತಾರೆ" ಇರಬೇಕಲ್ಲ? ಕನ್ನಡದಲ್ಲಿ 'ಅಂತ', 'ಅಂದ್ರು' ಇವುಗಳ ಹಿಂದಿನ ಮಾತು ಆಡಿದವರ ಬಾಯಲ್ಲಿ ಇದ್ದ ಹಾಗೇ ಉಳಿಯುತ್ತದೆ. "ಬರ್ತಾರೆ ಅಂದ್ರು" ಅಂದರೆ ಬರುವವರು ಮೂರನೆಯವರು. ಆಫೀಸಿನಲ್ಲಿ ಇದೊಂದನ್ನು ತಪ್ಪಿ ಕೇಳಿದರೆ ಬೇರೆ ಯಾರಿಗೋ ಕಾಯುತ್ತಾ ಕೂರಬೇಕಾಗುತ್ತದೆ.

ಯಾವ ಪದ, ಯಾವ ಹೊತ್ತು

ಇಂಗ್ಲಿಷಿನ 'ಕೋಲ್ಡ್' ಒಂದಕ್ಕೆ ನಮ್ಮಲ್ಲಿ ಹಲವು. ಮೈಗೆ ಆಗುವುದು ಚಳಿ, ಮೂಗು ಸೋರಿದರೆ ನೆಗಡಿ ಅಥವಾ ಶೀತ, ಆರಿಹೋದ ಕಾಫಿ ತಣ್ಣಗಿದೆ, ಮರದ ನೆರಳು ತಂಪು. 'ಹಾಟ್' ಅಂದರೂ ಹಾಗೇ: ಕಾಫಿ ಬಿಸಿ, ಹೊರಗೆ ಬಿಸಿಲು, ಒಳಗೆ ಸೆಕೆ, ಚಟ್ನಿ ಖಾರ. "ನನಗೆ ಬಿಸಿ ಆಗ್ತಿದೆ" ಅನ್ನುವವರಿಗೆ 'ಸೆಕೆ' ಕೊಡಿ. ಮಳೆಯ ಪದಗಳಲ್ಲಿ ಮಲೆನಾಡಿನವರಷ್ಟು ಶ್ರೀಮಂತರು ಕಡಿಮೆ, ಆದರೆ ಹೊಸಬರಿಗೆ ಮೊದಲು ಮೂರು ಸಾಕು: ಮಳೆ ಬರ್ತಿದೆ, ಮಳೆ ಹಿಡ್ಕೊಂಡಿದೆ (ಸದ್ಯಕ್ಕೆ ಬಿಡುವುದಿಲ್ಲ), ಮಳೆ ನಿಂತಿದೆ. ತೋಟದಲ್ಲಿ ಇರುವವರಿಗೆ 'ಹೂಮಳೆ' ಸೇರಿಸಿ. ಬೇಸಿಗೆಯಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ ಅದು, ತೋಟದವರೆಲ್ಲ ಅದರ ದಾರಿಯನ್ನೇ ಕಾಯುತ್ತಿರುತ್ತಾರೆ.

"ಪರವಾಗಿಲ್ಲ" ಬಹಳ ಜನರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಕಾಲು ತುಳಿದವರು ಕ್ಷಮೆ ಕೇಳಿದಾಗ ಪರವಾಗಿಲ್ಲ ಅನ್ನುವುದು ಸೌಜನ್ಯ. ಊಟ ಬಡಿಸಿದವರು "ಹೇಗಿದೆ?" ಅಂದಾಗ ಪರವಾಗಿಲ್ಲ ಅಂದರೆ ಅಷ್ಟೇನೂ ಚೆನ್ನಾಗಿಲ್ಲ ಅಂತ. ಅಲ್ಲಿ "ಚೆನ್ನಾಗಿದೆ" ಅನ್ನಬೇಕು. 'ಸುಮ್ನೆ' ಕೂಡ ಹಾಗೆ ಜಾಗ ಬದಲಿಸುವ ಪದ. ಸುಮ್ನೆ ಬಂದೆ: ಕೆಲಸವೇನಿಲ್ಲ. ಸುಮ್ನಿರಿ: ಮಾತು ನಿಲ್ಲಿಸಿ. ಸುಮ್ಸುಮ್ನೆ ಬೈದ್ರು: ಕಾರಣವೇ ಇಲ್ಲದೆ.

ಸಮಯ ಹೇಳುವಾಗ ಹಿಂದಿಯವರನ್ನು ಎಚ್ಚರಿಸಿ. 10.45ಕ್ಕೆ ಅವರು ಮುಂದಿನ ಗಂಟೆಯ ಹೆಸರು ಹಿಡಿದು 'ಪೌನೆ ಗ್ಯಾರಹ್' ಅಂತಾರೆ. ನಾವು ಕಳೆದ ಗಂಟೆ ಹಿಡಿದು 'ಹತ್ತೂ ಮುಕ್ಕಾಲು' ಅಂತೀವಿ. ಪದಕ್ಕೆ ಪದ ತಿರುಗಿಸಿ 'ಹನ್ನೊಂದೂ ಮುಕ್ಕಾಲು' ಅಂದರೆ ಪೂರ್ತಿ ಒಂದು ಗಂಟೆ ವ್ಯತ್ಯಾಸ, ಬಸ್ಸು ತಪ್ಪಿತು.

ಮರ್ಯಾದೆಯ ವಿಚಾರದಲ್ಲಿ ಒಂದೇ ಸೂತ್ರ ಕೊಡಿ: ಮಕ್ಕಳನ್ನು ಬಿಟ್ಟು ಎಲ್ಲರಿಗೂ 'ನೀವು'. ಅಣ್ಣ, ಅಕ್ಕ, ಅಜ್ಜಿ ಅಂತ ಕರೆದರೂ ಕ್ರಿಯಾಪದ ಬಹುವಚನದಲ್ಲೇ ಇರಲಿ: "ಅಕ್ಕ, ಸ್ವಲ್ಪ ಸರೀರಿ", "ಅಜ್ಜಿ, ಬನ್ನಿ". ಎದುರಿಗಿಲ್ಲದವರ ಬಗ್ಗೆ ಆಡುವಾಗಲೂ 'ಅವರು'. ಡಾಕ್ಟರಮ್ಮನನ್ನು 'ಅವಳು' ಅಂದರೆ ಸುತ್ತಲಿನವರು ತಿರುಗಿ ನೋಡುತ್ತಾರೆ. ಮಗುವಿಗೆ ಮಾತ್ರ 'ಅದು': ಮಗು ಅಳ್ತಿದೆ. ಹೊರಡುವಾಗ "ಹೋಗ್ತೀನಿ" ಬೇಡ, "ಬರ್ತೀನಿ". ಇನ್ನು "ನಮ್ಮನೆಯವರು" ಅಂದರೆ ಮನೆಮಂದಿಯೆಲ್ಲ ಅಂತ ತಿಳಿಯುತ್ತಾರೆ. ಗಂಡನೋ ಹೆಂಡತಿಯೋ ಹೇಳಿದಾಗ ಅದು ಒಬ್ಬರೇ ಒಬ್ಬರು.

ನೆರೆಭಾಷೆಯಿಂದ ಬಂದವರಿಗೆ ಹತ್ತಿರದ ದಾರಿ

ಮಲಯಾಳ, ತಮಿಳು ಬಲ್ಲವರ ಕೈಯಲ್ಲಿ ಅರ್ಧ ಕನ್ನಡ ಆಗಲೇ ಇದೆ. ಅವರ ಪದದ ಮೊದಲ 'ಪ'ವನ್ನು 'ಹ' ಮಾಡಿಸಿ: ಪಾಲ್ ಹಾಲು, ಪಲ್ಲ್ ಹಲ್ಲು, ಪುಲಿ ಹುಲಿ, ಪುಳಿ ಹುಳಿ, ಪತ್ತ್ ಹತ್ತು, ಪಣಂ ಹಣ. ಮೊದಲ 'ವ'ವನ್ನು 'ಬ' ಮಾಡಿಸಿ: ವಾ ಬಾ, ವೆಳ್ಳಿ ಬೆಳ್ಳಿ, ವಿರಲ್ ಬೆರಳು. ಹಿಂದೆ ಕನ್ನಡದಲ್ಲೂ 'ಪ'ವೇ ಇತ್ತು. ಸುಮಾರು ಕ್ರಿ.ಶ. 450ರದು ಎನ್ನಲಾಗುವ ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮ ಬೇಲೂರು ತಾಲೂಕಿನಲ್ಲೇ. ಆ ಶಾಸನದಲ್ಲಿ ಊರಿನ ಹೆಸರು ಹಲ್ಮಿಡಿ ಅಂತಿಲ್ಲ, 'ಪಲ್ಮಡಿ' ಅಂತಿದೆ. ಪೂಜೆ, ಪುಸ್ತಕ, ಪಾಠದಂಥ ಸಂಸ್ಕೃತದ ಪದಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅದನ್ನೂ ಹೇಳಿ.

ಹತ್ತಿರ ಇರುವುದರಿಂದಲೇ ಕಾಲು ಜಾರುವ ಕಡೆಯೂ ಇದೆ. ಮಲಯಾಳದ 'ಕೇಳ್ಕುಗ' ಕಿವಿಗೊಡುವುದು ಮಾತ್ರ. ನಮ್ಮ 'ಕೇಳು' ಕಿವಿಗೊಡುವುದೂ ಹೌದು, ಪ್ರಶ್ನೆ ಹಾಕುವುದೂ ಹೌದು. "ಡಾಕ್ಟರನ್ನ ಕೇಳಿ" ಅಂದರೆ ವಿಚಾರಿಸಿ. "ಡಾಕ್ಟರ್ ಮಾತು ಕೇಳಿ" ಅಂದರೆ ಹೇಳಿದಂತೆ ನಡೀರಿ. "ಕೇಳಿಸ್ತಾ?" ಅಂದರೆ ಕಿವಿಗೆ ಬಿತ್ತಾ ಅಂತ.

ಯಾವ ಕನ್ನಡ ಕಲಿಸುವುದು

"ತಾವು ಎಲ್ಲಿಗೆ ಹೋಗುತ್ತಿದ್ದೀರಿ?" ಅಂತ ಕಲಿಸಿದರೆ ಅವರಿಗೆ ಸಂತೆಯಲ್ಲಿ ಒಂದು ಮಾತೂ ಹತ್ತುವುದಿಲ್ಲ. ಆಡಲು ಮಾಡ್ತೀನಿ, ಹೋಗ್ತೀನಿ, ಇದೆ, ಇದ್ದಾರೆ ಕಲಿಸಿ. ಬೋರ್ಡು, ಅರ್ಜಿ ಓದಲು ಮಾಡುತ್ತೇನೆ, ಹೋಗುತ್ತೇನೆ ಗುರುತಿಸುವಷ್ಟು ಸಾಕು. ಕಿವಿಗೆ ಮಾತ್ರ ಎಲ್ಲವೂ ಬೀಳಲಿ. ಹಾಸನದ ಹಳ್ಳಿಗಳಲ್ಲಿ ಐತೆ, ಅವ್ರೆ, ಬತ್ತೀನಿ, ಓಯ್ತೀನಿ ಅಂತಾರೆ. ಶೃಂಗೇರಿ, ಕೊಪ್ಪದ ಕಡೆ 'ಏನು' ಜಾಗದಲ್ಲಿ 'ಎಂತ', ಮಾತಿನ ಕೊನೆಗೆ 'ಮಾರಾಯ', 'ಮಾರಾಯ್ತಿ'. ಇವು ತಪ್ಪು ಕನ್ನಡ ಅಂತ ಯಾವತ್ತೂ ಹೇಳಿಕೊಡಬೇಡಿ. ಆ ಊರಲ್ಲಿ ಬದುಕುವವರಿಗೆ ಅದೇ ಸರಿಯಾದ ಕನ್ನಡ. ಒಂದೇ ವಾಕ್ಯದಲ್ಲಿ 'ಐತೆ'ಯನ್ನೂ 'ಮಾಡುತ್ತೇನೆ'ಯನ್ನೂ ಬೆರೆಸದಂತೆ ನೋಡಿಕೊಂಡರಾಯಿತು.

ತಿದ್ದುವಾಗ ತಪ್ಪನ್ನು ಎತ್ತಿ ಆಡಬೇಡಿ. "ನಾನು ಕಾಫಿ ಬೇಕು" ಅಂದರೆ "ನಿಮಗೆ ಕಾಫಿ ಬೇಕಾ?" ಅಂತ ಕೇಳಿ. ಉತ್ತರ ಕೊಡಬೇಕಾದರೆ "ಹೌದು, ನನಗೆ ಬೇಕು" ಅನ್ನದೆ ದಾರಿಯಿಲ್ಲ. ಪದಕ್ಕೆ ತಡಕಾಡುವಾಗ ಐದಾರು ಸೆಕೆಂಡ್ ಸುಮ್ಮನೆ ಕಾಯಿರಿ. ಥಟ್ಟನೆ ಹಿಂದಿಗೋ ಇಂಗ್ಲಿಷಿಗೋ ಹೊರಳುವುದು ನಾವು ಮಾಡುವ ದೊಡ್ಡ ತಪ್ಪು. ಒಂದು ಮಾತಿನಲ್ಲಿ ನಾಲ್ಕು ತಪ್ಪಿದ್ದರೆ ಅರ್ಥ ಕೆಡಿಸುವ ಒಂದನ್ನು ಮಾತ್ರ ತಿದ್ದಿ.

ಉಚ್ಚಾರದಲ್ಲಿ ಅರ್ಥ ಕೆಡಿಸುವುದು ಮುಖ್ಯವಾಗಿ ಎರಡು. ಒಂದು, ಒತ್ತು: ಕತೆ ಮತ್ತು ಕತ್ತೆ, ಬಳಿ ಮತ್ತು ಬಳ್ಳಿ. ಒತ್ತಿರುವ ಅಕ್ಷರದ ಮೇಲೆ ಒಂದು ಕ್ಷಣ ನಿಲ್ಲಿಸಿ ಹೇಳಿಸಿ. ಇನ್ನೊಂದು, 'ಲ' ಮತ್ತು 'ಳ'. ನಾಲಿಗೆಯ ತುದಿ ಹಲ್ಲಿನ ಹಿಂದೆ ತಗುಲಿದರೆ 'ಲ'. ಹಿಂದಕ್ಕೆ ಮಡಚಿ ಅಂಗುಳಕ್ಕೆ ತಗುಲಿಸಿ ಬಿಟ್ಟರೆ 'ಳ'. ಅಭ್ಯಾಸಕ್ಕೆ ಹಲ್ಲಿ ಮತ್ತು ಹಳ್ಳಿ, ಕಲೆ ಮತ್ತು ಕಳೆ, ಹುಲಿ ಮತ್ತು ಹುಳಿ. ಚಿಕ್ಕಮಗಳೂರಿನಲ್ಲಿ ಇರುವವರಿಗಾದರೆ ಮೊದಲು ಬೆಲೆ ಮತ್ತು ಬೆಳೆ: "ಈ ಸಲ ಕಾಫಿ ಬೆಳೆ ಚೆನ್ನಾಗಿದೆ, ಬೆಲೆ ಇಲ್ಲ." ಈ ವಾಕ್ಯವನ್ನು ದಿನಕ್ಕೆ ಹತ್ತು ಸಲ ಹೇಳಿಸಿ, ನೀವು ಕಣ್ಣು ಮುಚ್ಚಿಕೊಂಡು ಕೇಳಿ. ಯಾವುದು ಬೆಳೆ, ಯಾವುದು ಬೆಲೆ ಅಂತ ನಿಮಗೆ ತಡವರಿಸದೆ ತಿಳಿದ ದಿನ ಮುಂದಿನ ಜೋಡಿಗೆ ಹೋಗಿ.